ಸೇಶೆಲ್ಸ್‌ನಲ್ಲಿ ಹಾಯಿದೋಣಿ ಸುತ್ತಾಟ: ಮೊದಲು ಲಂಗರು ಹಾಕುವುದನ್ನು ಕಲಿಯಿರಿ

ಹಾಯಿದೋಣಿಯಲ್ಲಿ ದ್ವೀಪ ಸುತ್ತಲು ಹೋಗುವವರು ಹಾಯಿ ಏರಿಸುವುದನ್ನು ಕಲಿತಿರುತ್ತಾರೆ, ಗಾಳಿ ನೋಡುವುದನ್ನೂ ಕಲಿತಿರುತ್ತಾರೆ. ಕೆಡಿಸಿಕೊಳ್ಳುವುದು ಸಂಜೆ ಲಂಗರು ಹಾಕುವಾಗ. ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಪ್ರಾಸ್ಲಿನ್ ದ್ವೀಪದ ಆನ್ಸ್ ಲಾಜಿಯೊ ಕೊಲ್ಲಿಯಲ್ಲಿ ನಾಲ್ಕು ಗಂಟೆ ಮೇಲೆ ಸುಮ್ನೆ ಕೂತು ನೋಡಿ. ಒಂದು ದೋಣಿ ಬರುತ್ತದೆ, ಮುಂದೆ ನಿಂತವನು ಸರಪಳಿಯನ್ನು ದಡದಡ ಬಿಡುತ್ತಾನೆ, ಎಂಜಿನ್ ಆಫ್ ಆಗುತ್ತದೆ, ಎಲ್ಲರೂ ನೀರಿಗೆ ಹಾರುತ್ತಾರೆ. ಅರ್ಧ ಗಂಟೆಯಲ್ಲಿ ಆ ದೋಣಿ ಮೆಲ್ಲಗೆ ಪಕ್ಕದ ದೋಣಿಯ ಮೇಲೆ ಹೋಗಿ ಬೀಳುತ್ತಿರುತ್ತದೆ. ಇದನ್ನು ನೋಡಿ ನೋಡಿಯೇ ಈ ಲೇಖನ ಬರೆಯುತ್ತಿದ್ದೇನೆ. ಲಂಗರು ಭದ್ರವಾಗಿ ಕೂತಿದ್ದರೆ ಮಾತ್ರ ದಡಕ್ಕಿಳಿದು ಕಾಡು, ಆಮೆ, ತೆಂಗು ಎಂದು ನೆಮ್ಮದಿಯಾಗಿ ಸುತ್ತಬಹುದು. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ತಿರುಗಿ ಕಡಲ ಕಡೆ ನೋಡುವುದೇ ಕೆಲಸ.

ಯಾವಾಗ ಹೋಗಬೇಕು

ಏಪ್ರಿಲ್ ಇಲ್ಲವೇ ಅಕ್ಟೋಬರ್–ನವೆಂಬರ್. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯದ ಗಾಳಿ ಜೋರಾಗಿ ಬೀಸುತ್ತದೆ. ಜೂನ್‌ನಲ್ಲಿ ನಮ್ಮ ಕರಾವಳಿಗೆ ಮುಂಗಾರು ತರುವುದು ಇದೇ ಗಾಳಿ, ಸಮಭಾಜಕ ವೃತ್ತ ದಾಟಿದ ಮೇಲೆ ತಿರುಗಿ ನೈಋತ್ಯದಿಂದ ನಮ್ಮ ಕಡೆ ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ, ಮಳೆಯೂ ಜಾಸ್ತಿ. ನಡುವಿನ ತಿಂಗಳುಗಳಲ್ಲಿ ಕಡಲು ಶಾಂತ, ನೀರು ತಿಳಿ. ಹಾಯಿಗೆ ಗಾಳಿ ಕಡಿಮೆಯಾಗಿ ಎಂಜಿನ್ ಹಾಕಬೇಕಾಗುತ್ತದೆ ಎನ್ನುವವರಿದ್ದಾರೆ, ನಿಜ. ಆದರೂ ಮೊದಲ ಸಲ ಹೋಗುವವರಿಗೆ ನಾನು ಬೇರೆ ತಿಂಗಳು ಹೇಳುವುದಿಲ್ಲ.

ದೋಣಿ

ಕ್ಯಾಟಮರಾನ್ ತೆಗೆದುಕೊಳ್ಳಿ. ಎರಡು ಒಡಲಿನ ದೋಣಿ ಕಡಿಮೆ ವಾಲುತ್ತದೆ, ಅಡುಗೆ ಮಾಡುವವರಿಗೂ ತಲೆ ಸುತ್ತುವುದಿಲ್ಲ. ನೀವೇ ನಡೆಸುವುದಾದರೆ ಡೇ ಸ್ಕಿಪ್ಪರ್ ಥರದ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ ಸ್ಥಳೀಯ ಸ್ಕಿಪ್ಪರ್ ಒಬ್ಬರನ್ನು ಜೊತೆಗೆ ಹಾಕಿಕೊಳ್ಳಿ, ಅದಕ್ಕೆ ಸಂಕೋಚ ಬೇಡ.

ಮಾಹೆ ದ್ವೀಪದ ಈಡನ್ ಐಲ್ಯಾಂಡ್ ಮರೀನಾದಲ್ಲಿ ದೋಣಿ ಒಪ್ಪಿಸಿಕೊಳ್ಳುವಾಗ ಎಲ್ಲರೂ ಫ್ರಿಜ್ ತೆಗೆದು ನೋಡುತ್ತಾರೆ, ಹಾಸಿಗೆ ಒತ್ತಿ ನೋಡುತ್ತಾರೆ. ನೀವು ಮೂರು ಪ್ರಶ್ನೆ ಕೇಳಿ. ಸರಪಳಿ ಒಟ್ಟು ಎಷ್ಟು ಮೀಟರ್ ಇದೆ? ಎಷ್ಟು ಮೀಟರಿಗೆ ಯಾವ ಬಣ್ಣದ ಗುರುತು ಹಾಕಿದ್ದಾರೆ? ಆಳ ತೋರಿಸುವ ಮೀಟರ್ ನೀರಿನ ಮೇಲ್ಮೈಯಿಂದ ಲೆಕ್ಕ ಹಾಕುತ್ತದೋ, ದೋಣಿಯ ತಳದಿಂದಲೋ? ಉತ್ತರ ಸರಿಯಾಗಿ ಬರಲಿಲ್ಲ ಅಂದರೆ ಅಲ್ಲೇ ಸರಪಳಿ ಎಳೆಸಿ ನೋಡಿ. ಮುಜುಗರ ಪಡಬೇಡಿ.

ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು 25 ನಾಟಿಕಲ್ ಮೈಲಿ, ಅಂದರೆ ಐದು ಗಂಟೆ. ಬೆಳಗ್ಗೆ ಎಂಟಕ್ಕೆ ಹೊರಡಿ. ಅಲ್ಲಿ ವರ್ಷವಿಡೀ ಆರೂವರೆ ಹೊತ್ತಿಗೆ ಕತ್ತಲಾಗಿಬಿಡುತ್ತದೆ, ಮುಸ್ಸಂಜೆ ಎನ್ನುವುದು ಬಹಳ ಹೊತ್ತು ಇರುವುದೇ ಇಲ್ಲ.

ಲಂಗರು

ಇಲ್ಲಿಗೆ ಬಂದ ಮೇಲೆ ನಿಧಾನವಾಗಿ ಓದಿ.

ಮಧ್ಯಾಹ್ನ ಮೂರರೊಳಗೆ ಕೊಲ್ಲಿ ಸೇರಿರಬೇಕು. ಬಿಸಿಲು ಮೇಲಿನಿಂದ ಅಥವಾ ಬೆನ್ನ ಹಿಂದಿನಿಂದ ಬೀಳುತ್ತಿದ್ದರೆ ಮಾತ್ರ ನೀರಿನ ಬಣ್ಣ ಓದಲು ಆಗುತ್ತದೆ. ತಿಳಿ ನೀಲಿ–ಹಸಿರು ಅಂದರೆ ಕೆಳಗೆ ಮರಳು. ಕಡು ಬಣ್ಣದ ಮಚ್ಚೆ ಅಂದರೆ ಹವಳ, ಬಂಡೆ ಅಥವಾ ಕಡಲ ಹುಲ್ಲು. ಕಂದು ಅಥವಾ ಹಳದಿ ಮಿಶ್ರ ಕಂದು ಕಂಡರೆ ಹವಳ ಮೇಲಕ್ಕೇ ಬಂದಿದೆ ಎಂದರ್ಥ, ಆ ಕಡೆ ಹೋಗಲೇಬೇಡಿ. ಪೋಲರಾಯ್ಡ್ ಕನ್ನಡಕ ಬೇಕೇ ಬೇಕು. ಫುಟ್‌ಪಾತಿನಲ್ಲಿ ಸಿಗುವ ಬರೀ ಕಪ್ಪು ಗಾಜಿನವು ಕತ್ತಲು ಮಾಡುತ್ತವೆ, ನೀರಿನ ಹೊಳಪು ತೆಗೆಯುವುದಿಲ್ಲ. ಮೊಬೈಲ್ ಆ್ಯಪ್‌ನ ನಕ್ಷೆಯಲ್ಲಿ ಮರಳು ಎಂದು ತೋರಿಸಿದರೂ ನಿಮ್ಮ ಕಣ್ಣಿಗೆ ಕಪ್ಪು ಕಂಡರೆ ಕಣ್ಣನ್ನೇ ನಂಬಿ.

ಹವಳಕ್ಕೆ ಲಂಗರಿನ ಕೊಕ್ಕೆ ಸಿಕ್ಕಿಕೊಂಡರೆ ಇನ್ನೂ ಭದ್ರ ಅಲ್ವಾ ಎಂದು ಕೇಳುವವರಿದ್ದಾರೆ. ಅಲ್ಲ. ಹವಳ ಮುರಿಯುತ್ತದೆ, ಅದು ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಗಾಳಿ ತಿರುಗಿದಾಗ ಸರಪಳಿ ಅದಕ್ಕೇ ಸುತ್ತಿಕೊಂಡು ಬೆಳಗ್ಗೆ ಮೇಲೆ ಬರುವುದಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಅದು ತಪ್ಪೂ ಹೌದು.

ಜಾಗ ಸಿಕ್ಕಿತು ಅಂದುಕೊಳ್ಳಿ. ಈಗ ಲೆಕ್ಕ. ನೀರಿನ ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿಗೆ ಎತ್ತರ 1.5 ಮೀಟರ್, ಇನ್ನು ಏರಲಿರುವ ಉಬ್ಬರ 1.5 ಮೀಟರ್. ಒಟ್ಟು 9. ಅದರ ಐದು ಪಟ್ಟು, ಅಂದರೆ 45 ಮೀಟರ್ ಸರಪಳಿ ಬಿಡಬೇಕು. ಜನ ತಪ್ಪುವುದು ಇಲ್ಲೇ: 6ನ್ನು ಮಾತ್ರ ಹಿಡಿದು 20 ಮೀಟರ್ ಬಿಟ್ಟು ಸಾಕು ಅನ್ನುತ್ತಾರೆ. ಸರಪಳಿ ಉದ್ದಕ್ಕೆ ನೆಲದ ಮೇಲೆ ಮಲಗಿದ್ದರೆ ಎಳೆತ ಅಡ್ಡಕ್ಕೆ ಬಂದು ಕೊಕ್ಕೆ ಮರಳಿನೊಳಗೆ ಇಳಿಯುತ್ತದೆ. ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಕೊಕ್ಕೆಯನ್ನು ಕಿತ್ತು ಹಾಕುತ್ತದೆ. ಇಷ್ಟೇ ವಿಷಯ.

45 ಮೀಟರ್ ಬಿಟ್ಟರೆ ದೋಣಿ ಅಷ್ಟೇ ದೊಡ್ಡ ಸುತ್ತು ಹೊಡೆಯುತ್ತದೆ ಎನ್ನುವುದೂ ನೆನಪಿರಲಿ. ಹಿಂದೆ ಬಂಡೆ ಇದೆಯಾ, ಪಕ್ಕದವರು ಎಷ್ಟು ದೂರ, ಅವರು ಎಷ್ಟು ಸರಪಳಿ ಬಿಟ್ಟಿದ್ದಾರೆ? ಕೂಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂತಿಯನ್ನು ಗಾಳಿಗೆ ಎದುರು ಮಾಡಿ, ಮರಳಿನ ಮಚ್ಚೆಯ ಮೇಲೆ ದೋಣಿಯನ್ನು ಪೂರ್ತಿ ನಿಲ್ಲಿಸಿ. ಮುಂದೆ ಸಾಗುತ್ತಿರುವಾಗ ಲಂಗರು ಬಿಡಬಾರದು. ಅದು ನೆಲ ಮುಟ್ಟುವವರೆಗೆ ಇಳಿಸಿ. ಆಮೇಲೆ ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಾ ಹೋದ ಹಾಗೆ ಸರಪಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಒಂದೇ ಸಲ ಸುರಿದರೆ ಅದು ಲಂಗರಿನ ಮೇಲೆಯೇ ಗುಡ್ಡೆಯಾಗಿ ಬೀಳುತ್ತದೆ, ಒಂದು ಸುತ್ತು ಕೊಕ್ಕೆಗೆ ಸಿಕ್ಕಿಕೊಂಡರೆ ಅದು ಹಿಡಿಯುವುದೇ ಇಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟ ಮೇಲೆ ಒಮ್ಮೆ ತಡೆಯಿರಿ. ಮೂತಿ ಮೆಲ್ಲಗೆ ಜಗ್ಗಿ ಗಾಳಿಗೆ ನೇರವಾಗಿ ನಿಂತರೆ ಕೊಕ್ಕೆ ಹಿಡಿಯಲು ಶುರುವಾಗಿದೆ. ಉಳಿದದ್ದನ್ನು ಬಿಡಿ.

ಆಮೇಲೆ ಬಹಳ ಜನ ಮಾಡದೇ ಬಿಡುವ ಕೆಲಸ: ಎಂಜಿನ್ ರಿವರ್ಸ್ ಹಾಕಿ ಎಳೆದು ನೋಡುವುದು. ಮೊದಲು ನಿಧಾನಕ್ಕೆ, ಆಮೇಲೆ ಏರಿಸುತ್ತಾ ಸುಮಾರು 2000 ಆರ್‌ಪಿಎಂವರೆಗೆ ಹೋಗಿ ಅರ್ಧ ನಿಮಿಷ ಹಿಡಿಯಿರಿ. ಅದೇ ಹೊತ್ತಿಗೆ ದೋಣಿಯ ಮಗ್ಗುಲಿಗೆ, ದಡದ ಮೇಲೆ ಒಂದರ ಹಿಂದೆ ಒಂದು ಸಾಲಾಗಿ ಕಾಣುವ ಎರಡು ಗುರುತು ಹಿಡಿದುಕೊಳ್ಳಿ, ಒಂದು ತೆಂಗಿನ ಮರ ಮತ್ತು ಅದರ ಹಿಂದಿನ ಬಂಡೆ, ಹಾಗೆ. ಎರಡೂ ಒಂದೇ ಸಾಲಿನಲ್ಲಿ ಉಳಿದರೆ ದೋಣಿ ನಿಂತಿದೆ. ಮರ ಬಂಡೆಯಿಂದ ದೂರ ಸರಿಯುತ್ತಾ ಹೋದರೆ ಲಂಗರು ಜಾರುತ್ತಿದೆ. ಮುಂದೆ ನಿಂತವರು ಸರಪಳಿಯ ಮೇಲೆ ಬರಿಗಾಲು ಮೆಲ್ಲಗೆ ಇಟ್ಟು ನೋಡಲಿ. ಭದ್ರವಾಗಿದ್ದರೆ ಸರಪಳಿ ಬಿಗಿಯಾಗಿ ಸುಮ್ಮನಿರುತ್ತದೆ, ಜಾರುತ್ತಿದ್ದರೆ ಕಲ್ಲುರಸ್ತೆಯಲ್ಲಿ ಎತ್ತಿನಗಾಡಿ ಹೋದ ಹಾಗೆ ಗಡಗಡ ನಡುಗುವುದು ಅಂಗಾಲಿಗೇ ಗೊತ್ತಾಗುತ್ತದೆ. ನಡುಗಿದರೆ ಎತ್ತಿ ಮತ್ತೆ ಹಾಕಿ. ಮೂರನೇ ಸಲ ಹಾಕಬೇಕಾಗಿ ಬಂದರೂ ಹಾಕಿ.

ಕೊನೆಗೆ ಬ್ರೈಡಲ್, ಅಂದರೆ ಎರಡೂ ಒಡಲಿನ ಮೂತಿಯಿಂದ ಸರಪಳಿಗೆ ಬಿಗಿಯುವ ಹಗ್ಗ ಕಟ್ಟಿ, ಎಳೆತವೆಲ್ಲ ಸರಪಳಿ ಸುತ್ತುವ ಮೋಟಾರಿನ ಮೇಲೆ ಬೀಳದ ಹಾಗೆ. ಮುಖಕ್ಕೆ ಮಾಸ್ಕ್ ಹಾಕಿ ಈಜಿ ಹೋಗಿ ಲಂಗರನ್ನು ಕಣ್ಣಾರೆ ನೋಡಿ ಬನ್ನಿ. ಕೊಕ್ಕೆ ಮರಳಿನಲ್ಲಿ ಹೂತು ಹಿಡಿ ಮಾತ್ರ ಕಾಣುತ್ತಿದ್ದರೆ ಆಯಿತು. ಮಗ್ಗುಲಾಗಿ ಮಲಗಿದ್ದರೆ ಆಗಲಿಲ್ಲ. ಇದಕ್ಕೆ ಮುಖ ಪೂರ್ತಿ ಮುಚ್ಚುವ ಅಗ್ಗದ ಮಾಸ್ಕ್ ಬೇಡ. ಅದನ್ನು ಹಾಕಿಕೊಂಡು ಮುಳುಗಿದರೆ ಕಿವಿ ಒತ್ತಡ ಬಿಡಿಸಿಕೊಳ್ಳಲು ಮೂಗು ಹಿಡಿಯಲು ಆಗುವುದಿಲ್ಲ. ಸಾಮಾನ್ಯ ಮಾಸ್ಕ್, ಒಂದು ಕೊಳವೆ ಸಾಕು.

ಮುಂದೆ ನಿಂತವರಿಗೂ ಚುಕ್ಕಾಣಿ ಹಿಡಿದವರಿಗೂ ಮಾತು ಕೈಸನ್ನೆಯಲ್ಲೇ ಇರಲಿ. ಎಂಜಿನ್ ಸದ್ದಿನಲ್ಲಿ ಕೂಗಾಡಿದರೆ ಗಂಡ ಹೆಂಡತಿ ಜಗಳ ಗ್ಯಾರಂಟಿ. ಬಿಡು, ನಿಲ್ಲಿಸು, ಹಿಂದೆ, ಮುಂದೆ. ನಾಲ್ಕು ಸನ್ನೆ ಮರೀನಾದಲ್ಲೇ ಮಾತಾಡಿಕೊಳ್ಳಿ.

ಆನ್ಸ್ ಲಾಜಿಯೊ ಆಗ್ನೇಯ ಗಾಳಿಗೆ ಮರೆ, ವಾಯವ್ಯ ಗಾಳಿಗೆ ಪೂರ್ತಿ ಬಯಲು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ರಾತ್ರಿ ಕಳೆಯುವ ಆಸೆ ಬೇಡ.

ದಡಕ್ಕೆ

ಡಿಂಗಿ, ಅಂದರೆ ಗಾಳಿ ತುಂಬಿದ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗುವುದು. ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಕೈಗೋ ಕಾಲಿಗೋ ಕಟ್ಟಿಕೊಳ್ಳಿ. ನೀರಿಗೆ ಬಿದ್ದರೆ ತಿರುಗುವ ಪ್ರೊಪೆಲರ್‌ನಿಂದ ಉಳಿಸುವುದು ಅದೊಂದೇ. ಅಲೆ ಒಡೆಯುವ ಜಾಗದ ಹೊರಗೆ ನಿಂತು ಸ್ವಲ್ಪ ಹೊತ್ತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋದ ಮೇಲೆ ಒಂದು ಬಿಡುವು ಸಿಗುತ್ತದೆ. ಆಗ ನೇರಕ್ಕೆ ಹೋಗಿ, ಅಡ್ಡ ತಿರುಗಬೇಡಿ, ಆಳ ಕಡಿಮೆಯಾಗುತ್ತಲೇ ಎಂಜಿನ್ ಆರಿಸಿ ಮೇಲಕ್ಕೆತ್ತಿ. ಕಾಲಿಗೆ ರಬ್ಬರ್ ಚಪ್ಪಲಿ ಅಲ್ಲ, ಬಿಗಿಯಾದ ಶೂ. ಮರಳಲ್ಲಿ ತೊರಕೆ ಮೀನು ಮಲಗಿರುತ್ತದೆ, ಕಲ್ಲಲ್ಲಿ ಕಪ್ಪು ಮುಳ್ಳಿನ ಸೀ ಅರ್ಚಿನ್. ಡಿಂಗಿಯನ್ನು ಉಬ್ಬರದ ಗೆರೆಯಿಂದ ಮೇಲಕ್ಕೆ ಎಳೆದು ಕಟ್ಟಿ, ನೀರಿನ ಅಂಚಲ್ಲಿ ಬಿಟ್ಟು ಹೋಗಬೇಡಿ.

ಮೊದಲ ಇಳಿತಕ್ಕೆ ನಾನು ಹೇಳುವುದು ಕ್ಯೂರಿಯೂಸ್ ದ್ವೀಪ. ಪಾರ್ಕಿನ ಶುಲ್ಕ ಕಟ್ಟಿದರೆ ಆಲ್ಡಾಬ್ರಾ ದೈತ್ಯ ಆಮೆಗಳು ದಡದ ಹತ್ತಿರವೇ ಓಡಾಡುತ್ತಿರುತ್ತವೆ. ಅಲ್ಲಿಂದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆ ಹಾಸಿದ ದಾರಿಯಲ್ಲಿ ನಡೆದು ಆ ಕಡೆಯ ಆನ್ಸ್ ಸೇಂಟ್ ಜೋಸೆ ತೀರ ತಲುಪಬಹುದು. ಹಲಗೆಯ ಕೆಳಗೆ ಕೆಸರಲ್ಲಿ ಏಡಿಗಳು ಬಿಲಕ್ಕೆ ಓಡುವುದು ಕಾಣುತ್ತದೆ. ದ್ವೀಪದಲ್ಲಿ ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದರು, 1870ರ ದಶಕದಲ್ಲಿ ಕಟ್ಟಿದ ವೈದ್ಯರ ಮನೆ ಈಗಲೂ ಇದೆ.

ಹಕ್ಕಿಗಳ ಸಂರಕ್ಷಿತ ತಾಣವಾದ ಕಸಿನ್ ದ್ವೀಪಕ್ಕೆ ಮಾತ್ರ ನಿಮ್ಮ ಡಿಂಗಿಯಲ್ಲಿ ಇಳಿಯುವ ಹಾಗಿಲ್ಲ, ದ್ವೀಪದ ಕಾವಲುಗಾರರ ದೋಣಿಯೇ ಬಂದು ಕರೆದೊಯ್ಯುತ್ತದೆ. ಒಂದು ಇಲಿ ನಿಮ್ಮ ದೋಣಿಯಿಂದ ಇಳಿದರೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಆಪತ್ತು. ಈ ನಿಯಮವನ್ನು ತಪ್ಪಿಸಲು ನೋಡುವವರ ಜೊತೆ ಸೇರಬೇಡಿ.

ಪ್ರಾಸ್ಲಿನ್‌ನಲ್ಲಿ ವಲ್ಲೇ ದ ಮೇ ಕಾಡಿಗೆ ಅರ್ಧ ದಿನ ಇಡಿ. 1983ರಲ್ಲಿ ವಿಶ್ವ ಪರಂಪರೆಯ ತಾಣವಾದ ಕಾಡು ಇದು, ಕೊಕೊ ದ ಮೇರ್ ತೆಂಗಿನ ತವರು. ನಮ್ಮಲ್ಲಿ ಕೆಲವು ಸನ್ಯಾಸಿಗಳ ಕೈಯಲ್ಲಿ ಕಾಣುವ ಕಪ್ಪು ಕಮಂಡಲ ಈ ಕಾಯಿಯ ಚಿಪ್ಪೇ. ಇದರ ಮರ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ, ಕಡಲಲ್ಲಿ ತೇಲಿಬಂದ ಕಾಯಿಗಳು ನಮ್ಮ ಕಡೆಗೆ ಬರುತ್ತಿದ್ದವು. ಕಾಯಿ ಕೊಳ್ಳುವುದಾದರೆ ಸರ್ಕಾರದ ಚೀಟಿ ಅಂಟಿಸಿ, ಕಾಗದ ಕೊಟ್ಟಿದ್ದನ್ನೇ ಕೊಳ್ಳಿ. ರಸ್ತೆ ಬದಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಲಾ ಡೀಗ್ ದ್ವೀಪದಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಆನ್ಸ್ ಸೂರ್ಸ್ ದಾರ್ಜಾಂನ ದುಂಡು ಬಂಡೆಗಳ ಹತ್ತಿರ ದೋಣಿ ತರಲು ನೋಡಬೇಡಿ, ಒಳಗೆ ಮೊಣಕಾಲುದ್ದದ ನೀರು, ಸುತ್ತ ಹವಳ. ಭೂಮಾರ್ಗದಲ್ಲೇ ಹೋಗಿ, ಪ್ರವೇಶ ಶುಲ್ಕ ಇದೆ. ಇನ್ನೊಂದು ಬದಿಯ ಗ್ರ್ಯಾಂಡ್ ಆನ್ಸ್ ಕಡಲತೀರ ನೋಡಲು ಬಹಳ ಚೆಂದ, ಆದರೆ ಆಗ್ನೇಯ ಗಾಳಿಯ ತಿಂಗಳುಗಳಲ್ಲಿ ಅಲ್ಲಿ ಈಜಬೇಡಿ. ಸೆಳೆತ ಬಲವಾದದ್ದು.

ಹೊರಡುವಾಗ

ಸರಪಳಿ ಸುತ್ತುವ ಮೋಟಾರು ಇರುವುದು ಸರಪಳಿ ಎತ್ತಲು, ದೋಣಿಯನ್ನು ಎಳೆಯಲು ಅಲ್ಲ. ಎಂಜಿನ್ನಲ್ಲಿ ಮೆಲ್ಲಗೆ ಮುಂದೆ ಸಾಗಿ, ಸರಪಳಿ ಸಡಿಲವಾದಷ್ಟೇ ಎತ್ತಿ, ಮತ್ತೆ ಸಾಗಿ. ಮುಂದೆ ನಿಂತವರು ಸರಪಳಿ ಯಾವ ದಿಕ್ಕಿಗಿದೆ ಎಂದು ಕೈ ಚಾಚಿ ತೋರಿಸುತ್ತಿರಲಿ. ಎಲ್ಲಾದರೂ ಬಿಗಿಯಾಗಿ ನಿಂತರೆ ಜೋರು ಮಾಡಬೇಡಿ, ಒಬ್ಬರು ಮಾಸ್ಕ್ ಹಾಕಿ ನೀರಿಗಿಳಿದು ಅದು ಯಾವ ಕಡೆಯಿಂದ ಸುತ್ತಿಕೊಂಡಿದೆ ಎಂದು ನೋಡಲಿ. ಆಮೇಲೆ ದೋಣಿಯನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತಿರುಗಿಸಿ ಬಿಡಿಸಿಕೊಳ್ಳಿ.