14 ಸಾವಿರ ಸ್ಯಾಂಪಲ್‌ಗೆ ಕೈಯಾರೆ ಹೆಸರಿಟ್ಟೆ

ಸಂಗೀತ ಕಟ್ಟಲು ಬಳಸುವ ಸ್ಯಾಂಪಲ್‌ಗಳಿಗೆಲ್ಲ, ಅಂದರೆ ರೆಕಾರ್ಡ್ ಮಾಡಿಟ್ಟ ಚಿಕ್ಕ ಸದ್ದುಗಳಿಗೆಲ್ಲ, ಕೈಯಾರೆ ಹೆಸರಿಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಅಷ್ಟು ಹೊತ್ತಿನಲ್ಲಿ ನಾಲ್ಕು ಟ್ರ್ಯಾಕ್ ಮುಗಿಸಬಹುದು, ಸುಮ್ನೆ ಬಿಡು" ಅಂದರು. ಈಗ ಹೆಚ್ಚುಕಡಿಮೆ 14 ಸಾವಿರ ಫೈಲ್ ಇವೆ. ಬೇಕಾದ ಸ್ನೇರ್ ಡ್ರಮ್ ಸದ್ದು ಹತ್ತು ಸೆಕೆಂಡಿನಲ್ಲಿ ಸಿಗುತ್ತದೆ. ಅವತ್ತು ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಕ್ರಮವನ್ನೇ ಹಿಡಿದಿದ್ದಾರೆ.

ಮೊದಲು ನಾನೂ ಎಲ್ಲರಂತೆ ವಾದ್ಯಕ್ಕೊಂದು ಫೋಲ್ಡರ್ ಮಾಡಿದ್ದೆ. ಆದರೆ ತಗಡು ಬಡಿದ ಸದ್ದು ಎಲ್ಲಿಗೆ ಸೇರಬೇಕು? ಪರ್ಕಶನ್, ಅಂದರೆ ತಾಳವಾದ್ಯಗಳ ಫೋಲ್ಡರಿನಲ್ಲೂ ಇಟ್ಟೆ, ಎಫೆಕ್ಟ್ಸ್‌ನಲ್ಲೂ ಇಟ್ಟೆ. ಒಂದೇ ಫೈಲ್ ಮೂರು ಕಡೆ ಬೆಳೆಯಿತು. ಬೇಸತ್ತು ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದೆ. ಹಳೆಯ ಪ್ರಾಜೆಕ್ಟ್‌ಗಳು ಫೈಲ್‌ಗಳನ್ನು ಹಳೆಯ ಜಾಗದಲ್ಲೇ ಹುಡುಕಿದವು, ತೆರೆದಾಗ ಅರ್ಧ ಟ್ರ್ಯಾಕ್ ಖಾಲಿ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಜಾಗ ಉಳಿಸೋಣ ಅಂತ ಒಂದು ಪ್ರಾಜೆಕ್ಟ್‌ನಲ್ಲಿ ಬಳಸದ ಫೈಲ್‌ಗಳನ್ನು ಅಳಿಸಿದೆ. ಆ ಪ್ರಾಜೆಕ್ಟ್ ಬಳಸದಿದ್ದರೇನು, ಬೇರೆ ಏಳೆಂಟು ಪ್ರಾಜೆಕ್ಟ್‌ಗಳು ಅವನ್ನೇ ನಂಬಿದ್ದವು. ಸುಮಾರು 200 ರೆಕಾರ್ಡಿಂಗ್ ಹೋದವು, ಎಲ್ಲ ನಾನೇ ಮೈಕ್ ಹಿಡಿದು ಮಾಡಿದ್ದವು. ಡಿಸ್ಕ್‌ನಿಂದ ಫೈಲ್ ತೆಗೆದುಕೊಡುವವರಿಗೆ ಎರಡು ಎಸ್‌ಎಸ್‌ಡಿ ಕೊಳ್ಳುವಷ್ಟು ದುಡ್ಡು ಕೊಟ್ಟೆ. ಬಂದದ್ದು ಅರ್ಧ. ಅದರಲ್ಲೂ ಹೆಸರಿಲ್ಲ, ಬರೀ ನಂಬರ್. ಒಂದು ಮಿಕ್ಸ್ ಕೆಲಸವನ್ನು ದುಡ್ಡಿಲ್ಲದೆ ಮತ್ತೊಮ್ಮೆ ಮಾಡಿಕೊಟ್ಟೆ.

ಹೆಸರಿಲ್ಲದ ಆ ನೂರು ಫೈಲ್‌ಗಳನ್ನು ಒಂದೊಂದೇ ಕೇಳುತ್ತಾ ಕೂತಾಗಲೇ ಈ ಕ್ರಮ ಹುಟ್ಟಿತು. ಸದ್ದು, ಸ್ವಭಾವ, ಶ್ರುತಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಟೇಕ್ ನಂಬರ್ (ಎಷ್ಟನೇ ರೆಕಾರ್ಡಿಂಗ್): ಹೆಸರಿನಲ್ಲಿ ಈ ಸಾಲು ತಪ್ಪಬಾರದು. ನಂಬರ್ 001 ಅಂತಲೇ ಶುರು. ಇಲ್ಲದಿದ್ದರೆ ಸ್ಯಾಂಪಲ್ ನುಡಿಸುವ ಕೆಲವು ಸ್ಯಾಂಪ್ಲರ್‌ಗಳಲ್ಲಿ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಕೊನೆಗೆ ಮೂರು ಅಕ್ಷರದ ಒಂದು ಗುರುತು ಹಾಕುತ್ತೇನೆ. ಹುಡುಕಾಟ ಬೇಗ ಆಗುವುದು ಅದರಿಂದಲೇ. ಅದೇನು ಅಂತ ಮಾತ್ರ ಹೇಳುವುದಿಲ್ಲ, ಅದಕ್ಕೆ ತುಂಬಾ ನಿದ್ದೆಗೆಟ್ಟಿದ್ದೇನೆ. ದಿನಾ ರಾತ್ರಿ ಒಂದು ಗಂಟೆಯಂತೆ ಏಳೆಂಟು ತಿಂಗಳು ಹಿಡಿಯಿತು.

ಲೈಬ್ರರಿಯನ್ನು ಈಗ ಬದಲಿಸಲು, ಅಳಿಸಲು ಆಗದಂತೆ ರೀಡ್ ಓನ್ಲಿ ಮಾಡಿಟ್ಟಿದ್ದೇನೆ. ಪ್ರಾಜೆಕ್ಟ್ ಮುಗಿದ ದಿನವೇ ಅದರ ಸ್ಯಾಂಪಲ್‌ಗಳೆಲ್ಲ ಅದರ ಫೋಲ್ಡರಿಗೇ ಕಾಪಿ ಆಗಬೇಕು. ಸಂಗೀತ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ದಾರಿ ಇದೆ: ಆಬಲ್ಟನ್ ಲೈವ್‌ನಲ್ಲಿ ಕಲೆಕ್ಟ್ ಆಲ್ ಅಂಡ್ ಸೇವ್ ಇದೆ. ರೀಪರ್‌ನಲ್ಲಿ ಸೇವ್ ಆ್ಯಸ್ ಮಾಡುವಾಗಲೇ ಮೀಡಿಯಾ ಕಾಪಿ ಮಾಡುವ ಟಿಕ್ ಸಿಗುತ್ತದೆ. ಜಾಗ ಜಾಸ್ತಿ ಬೇಕು, ನಿಜ. 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋ ರೆಕಾರ್ಡಿಂಗ್ ಅಂದರೆ ನಿಮಿಷಕ್ಕೆ 17 ಎಂಬಿ ಹತ್ತಿರ. ಆದರೂ ಮತ್ತೆ ರೆಕಾರ್ಡ್ ಮಾಡುವುದಕ್ಕಿಂತ ಡಿಸ್ಕ್ ಅಗ್ಗ.

ಜಾಗಕ್ಕಾಗಿ, ಗುಣಮಟ್ಟ ಕೆಡದಂತೆ ಗಾತ್ರ ಕುಗ್ಗಿಸುವ ಫ್ಲಾಕ್ ಫಾರ್ಮ್ಯಾಟ್ ಕೂಡ ನೋಡಿದೆ. ಗಾತ್ರ ಅರ್ಧದ ಹತ್ತಿರಕ್ಕೆ ಇಳಿಯಿತು, ಆದರೆ ನನ್ನ ಸ್ಯಾಂಪ್ಲರ್ ಅದನ್ನು ಓದಲಿಲ್ಲ. ಬ್ಯಾಕಪ್‌ಗೆ ಮಾತ್ರ ಇಟ್ಟುಕೊಂಡೆ. ಮೌನ ಕತ್ತರಿಸುವ ಕೆಲಸವನ್ನು ಒಮ್ಮೆ ಎಲ್ಲ ಫೈಲ್‌ಗಳಿಗೂ ಒಟ್ಟಿಗೇ ಸಾಫ್ಟ್‌ವೇರ್‌ಗೆ ಬಿಟ್ಟು ರಿವರ್ಬ್ ಬಾಲಗಳನ್ನೆಲ್ಲ, ಅಂದರೆ ಕೊನೆಯಲ್ಲಿ ಮೆಲ್ಲಗೆ ಕರಗುವ ಪ್ರತಿಧ್ವನಿಗಳನ್ನೆಲ್ಲ, ಕಳೆದುಕೊಂಡೆ. ಈಗ ಕಿವಿಯಿಟ್ಟು ಕೇಳಿಯೇ ಕತ್ತರಿ, ತುದಿಯಲ್ಲಿ ಸದ್ದು ಮೆಲ್ಲಗೆ ಇಳಿಯುವಂತೆ ಮೂರ್ನಾಲ್ಕು ಮಿಲಿಸೆಕೆಂಡ್ ಫೇಡ್.

ಇನ್ನೊಂದು ಮಜಾ ಇದೆ. 44.1 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಆದ ದನಿಯನ್ನು ಪರಿವರ್ತಿಸದೆ 48ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಅರ್ಧಸ್ವರ) ಏರುತ್ತದೆ. ತಪ್ಪಿನಿಂದ ಆದದ್ದು, ಕೋರಸ್‌ಗೆ ತುಂಬಾ ಚೆನ್ನಾಗಿ ಕೂತಿತು. ಅಂಥವಕ್ಕೂ ಈಗ ಒಂದು ಗುರುತಿದೆ. ಫೋನಿನಲ್ಲಿ ಹಿಡಿದ 600 ಸದ್ದುಗಳು ಮಾತ್ರ ಇನ್ನೂ ಬಾಕಿ.