ನಿಮ್ಮ ತಾಲ್ಲೂಕಿನ ಆಂಬುಲೆನ್ಸಿನಲ್ಲಿ ಡಿಫಿಬ್ರಿಲೇಟರ್ ಇರುವಂತೆ ಮಾಡುವುದು ಹೇಗೆ?

ಹೃದಯ ಹಠಾತ್ತನೆ ಸ್ತಂಭಿಸಿದ ವ್ಯಕ್ತಿಗೆ ಸಿಪಿಆರ್ (ಎದೆಯನ್ನು ಒತ್ತಿ ರಕ್ತಸಂಚಾರ ಉಳಿಸುವ ಪ್ರಥಮ ಚಿಕಿತ್ಸೆ) ಆಗಲಿ, ವಿದ್ಯುತ್ ಆಘಾತದಿಂದ ಹೃದಯದ ಲಯವನ್ನು ಸರಿದಾರಿಗೆ ತರುವ ಯಂತ್ರವಾದ ಡಿಫಿಬ್ರಿಲೇಟರಿನ ಶಾಕ್ ಆಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತಾಗುತ್ತದೆಂದು ಬಲ್ಲವರಿಗೆ, ಈ ಯಂತ್ರ ಆಸ್ಪತ್ರೆಯಲ್ಲಿದ್ದರೆ ಸಾಲದು, ಬರುವ ವಾಹನದಲ್ಲೇ ಇರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನಿಮ್ಮಲ್ಲಿಗೆ ಬರುವ ವಾಹನ ಯಾವ ಬಗೆಯದೆಂದು ತಿಳಿಯಿರಿ. ಆಂಬುಲೆನ್ಸುಗಳ ರಾಷ್ಟ್ರೀಯ ಮಾನದಂಡವಾದ ಎಐಎಸ್-125ರ ಪ್ರಕಾರ 'ಬಿ' ರೋಗಿಯನ್ನು ಸಾಗಿಸಲಷ್ಟೇ ಇರುವ ವಾಹನ, 'ಸಿ' ಮೂಲಭೂತ ಜೀವರಕ್ಷಕ, 'ಡಿ' ಸುಧಾರಿತ ಜೀವರಕ್ಷಕ. ಇದನ್ನು ಚಾಲಕರ ಬಾಯಿಮಾತಿನಿಂದ ತಿಳಿಯುವುದಕ್ಕಿಂತ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಲಿಖಿತವಾಗಿ ಪಡೆಯುವುದೇ ಸರಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ಪೀಠಿಕೆ ಬಿಟ್ಟು ನೇರವಾಗಿ ಕೇಳಿ: ತಾಲ್ಲೂಕಿನ ಯಾವ ಯಾವ ವಾಹನದಲ್ಲಿ ಡಿಫಿಬ್ರಿಲೇಟರ್ ಇದೆ, ಅದನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ, ಬ್ಯಾಟರಿ ಮತ್ತು ಪ್ಯಾಡುಗಳ ಅವಧಿ ಮುಗಿಯುವುದು ಯಾವಾಗ, ಸಿಬ್ಬಂದಿಗೆ ತರಬೇತಿ ಆಗಿದೆಯೇ.

"ಇದೆ" ಎಂಬ ಒಂದೇ ಪದದ ಉತ್ತರಕ್ಕೆ ಖಂಡಿತ ತೃಪ್ತರಾಗಬೇಡಿ. ಎದೆಗೆ ಅಂಟಿಸುವ ಪ್ಯಾಡಿನ ಒಳಮೈಗೆ ಜೆಲ್ ಸವರಿರುತ್ತದೆ. ಮೊಹರು ಮಾಡಿದ ಪೊಟ್ಟಣ ಹರಿದಿದ್ದರೆ ಅದು ಒಣಗಿ ಚರ್ಮಕ್ಕೆ ಹಿಡಿಯದು, ಯಂತ್ರ ಎಷ್ಟೇ ಹೊಸದಾಗಿದ್ದರೂ ಪ್ರಯೋಜನವಾಗದು. ನಮ್ಮ ಮಳೆಗಾಲದಲ್ಲಿ ರೋಗಿ ತೊಯ್ದೇ ವಾಹನ ಹತ್ತುವುದು ಸಾಮಾನ್ಯ. ಒದ್ದೆ ಎದೆಗೂ ಪ್ಯಾಡ್ ಸರಿಯಾಗಿ ಅಂಟದ ಕಾರಣ, ಒರೆಸಲು ಒಣ ಬಟ್ಟೆ, ಕೂದಲು ತೆಗೆಯಲು ರೇಜರ್, ಜೊತೆಗೊಂದು ಹೆಚ್ಚುವರಿ ಪ್ಯಾಡ್ ಇರಬೇಕೆಂದೂ ಬೇಡಿಕೆಯಲ್ಲಿ ಸೇರಿಸಿ.

ಉತ್ತರ ಕೈಸೇರಿದ ಮೇಲೆ ವಿಷಯವನ್ನು ಗ್ರಾಮಸಭೆಯಲ್ಲಿ ಮಂಡಿಸಿ, ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕನಿಷ್ಠಪಕ್ಷ, ಧ್ವನಿಯಲ್ಲೇ ಸೂಚನೆ ಕೊಡುವ ಎಇಡಿ (ಸ್ವಯಂಚಾಲಿತ ಡಿಫಿಬ್ರಿಲೇಟರ್) ಯಂತ್ರವಾದರೂ ಪ್ರತಿ 'ಸಿ' ವಾಹನದಲ್ಲಿ ಇರಲೇಬೇಕೆಂದು ನಿರ್ಣಯದಲ್ಲಿ ಸ್ಪಷ್ಟವಾಗಿರಲಿ.

ತರಬೇತಿಯ ಬೇಡಿಕೆಯನ್ನು ಇದರಿಂದ ಬೇರ್ಪಡಿಸಬೇಡಿ. ಓಡುವ ವಾಹನದ ಕುಲುಕಾಟ ಹೃದಯದ ಲಯವನ್ನು ಗುರುತಿಸುವಲ್ಲಿ ಎಇಡಿಯನ್ನು ದಾರಿ ತಪ್ಪಿಸಬಹುದು. ಮಣಿಪಾಲಕ್ಕೆಂದು ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗಲಂತೂ ಗಾಡಿಯನ್ನು ಬದಿಗೆ ನಿಲ್ಲಿಸಿಯೇ ಪರೀಕ್ಷಿಸಬೇಕೆಂಬುದು ಚಾಲಕರಿಗೂ ಗೊತ್ತಿರಬೇಕು.

ಮಾಹಿತಿ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.