ತೂಕದ ವಹಿಯಲ್ಲಿ ಬಿಟ್ಟುಹೋದ ಗ್ರಾಂಗಳು

ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಮೆಣಸಿನಕಾಯಿ ಗೋದಾಮಿದೆ. ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಯಲ್ಲಿ ಕೊಂಡ ಡಬ್ಬಿ, ಕಡ್ಡಿ ತಳಿಯ ಕಾಯಿಗಳನ್ನು ಹರವಿಕೊಂಡು ಹದಿನಾರು ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತಾರೆ; ಬಿಡಿಸಿದ ಕಾಯಿಯ ತೂಕದ ಮೇಲೆ ಅವರಿಗೆ ಕೂಲಿ. ನಮ್ಮ ಹಿರಿಯರು ಬೆಟಗೇರಿಯವರು. 1841ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ಕಟ್ಟಿದ ಕ್ರೈಸ್ತ ಸಭೆಗೆ ಸೇರಿದವರು. ರವಿವಾರದ ಆರಾಧನೆಯನ್ನು ನಾನು ಎಂದೂ ತಪ್ಪಿಸಿದವನಲ್ಲ.

ಒಂದು ಸಂಜೆ 9 ಕಿಲೋ 700 ಗ್ರಾಂ ತೂಗಿದ ಬುಟ್ಟಿಗೆ ವಹಿಯಲ್ಲಿ ಎಂದಿನಂತೆ ಒಂಬತ್ತೆಂದು ಬರೆದೆ. ಬುಟ್ಟಿಯ ಒಡತಿ ನನಗಿಂತ ಹಿರಿಯಳು. ಘಾಟಿಗೆ ಮೂಗಿಗೆ ಕಟ್ಟಿಕೊಂಡಿದ್ದ ಸೆರಗನ್ನು ಬಿಚ್ಚಿ, "ಸಾವ್ಕಾರ್ರ, ಏಳ್ನೂರು ಗ್ರಾಂ ಎಲ್ಲಿ ಹೋತ್ರಿ?" ಎಂದು ಮೆಲ್ಲಗೆ ಕೇಳಿದಳು. ಉರಿಯದಿರಲೆಂದು ಎಣ್ಣೆ ಹಚ್ಚಿಕೊಂಡಿದ್ದರೂ ಅವಳ ಬೆರಳ ತುದಿಗಳು ಸೀಳಿದ್ದವು. "ಎಲ್ಲಾ ಕಡೆನೂ ಹಿಂಗs ಯಕ್ಕಾ" ಎಂದೆ. ಅದು ನಿಜವೂ ಆಗಿತ್ತು. ಆದರೆ ಆ ರಾತ್ರಿ ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತೆರೆದಾಗ, ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂಬ ಮಾತು ನನ್ನ ವಹಿಯನ್ನೇ ಕುರಿತು ಹೇಳಿದಂತಿತ್ತು.

ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಎಂಬ ಎಫೆಸದವರ ಪತ್ರಿಕೆಯ ವಚನವನ್ನು ನಾನು ಚಿಕ್ಕಂದಿನಿಂದ ಬಾಯಿಪಾಠವಾಗಿ ಬಲ್ಲೆ. ಅದರ ಬೆನ್ನಿಗೇ ಬರುವ ಹತ್ತನೆಯ ವಚನ, ಸತ್ಕ್ರಿಯೆಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟೆವೆನ್ನುವುದು ಮಾತ್ರ ನನಗೆ ಬಾಯಿಗೆ ಬರುತ್ತಿರಲಿಲ್ಲ.

ಮರುದಿನ ತಕ್ಕಡಿಯ ಅಂಕಿ ಕಾಣುವ ಮುಖವನ್ನು ಹೆಣ್ಣುಮಕ್ಕಳ ಕಡೆಗೆ ತಿರುಗಿಸಿಟ್ಟೆ. ಗ್ರಾಂಗೊಂದು ಹೊಸ ಕಾಲಂ ಎಳೆದೆ. ಕೂಲಿಯನ್ನು ವಾರದ ಬದಲು ಆ ದಿನವೇ ಕೊಡತೊಡಗಿದೆ. ಕೂಲಿಯವನ ಸಂಬಳ ಬೆಳಗಿನವರೆಗೂ ನಿನ್ನ ಬಳಿ ಉಳಿಯಬಾರದು ಎಂದು ಯಾಜಕಕಾಂಡ ಸ್ಪಷ್ಟವಾಗಿಯೇ ಹೇಳುತ್ತದೆ. ಇದಕ್ಕಾಗಿ ಚಿಲ್ಲರೆಯನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಮೊದಲ ತಿಂಗಳು ಅದೇ ನನಗೆ ದೊಡ್ಡ ತೊಡಕಾಗಿತ್ತು.

ಹಳೆಯ ಬಾಕಿಯದು ಇನ್ನೂ ಕಠಿಣವಾಗಿತ್ತು. ಮೋಸ ಮಾಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಸುಂಕ ವಸೂಲಿಗಾರನಾದ ಜಕ್ಕಾಯನು ಹೇಳಿದ ಮೇಲೆಯೇ ಯೇಸು, ಆ ಮನೆಗೆ ರಕ್ಷಣೆ ಬಂತೆಂದು ಸಾರಿದ್ದು. ಲೂಕನು ತನ್ನ ಸುವಾರ್ತೆಯಲ್ಲಿ ಅದನ್ನು ಈ ಕ್ರಮದಲ್ಲಿ ಬರೆದಿರುವುದು ಸುಮ್ಮನಲ್ಲವೆಂದು ನನ್ನ ನಂಬಿಕೆ. ನಾಲ್ಕರಷ್ಟು ಕೊಡುವ ಶಕ್ತಿ ನನಗಿರಲಿಲ್ಲ. ಅಸಲು ಮೊತ್ತಕ್ಕೆ ಅದರ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂಬ ಮೋಶೆಯ ನಿಯಮವನ್ನು ಹಿಡಿದೆ. ಹಳೆಯ ವಹಿಗಳಲ್ಲಿ ಗ್ರಾಂ ಇರಲಿಲ್ಲವಾದ್ದರಿಂದ, ಬುಟ್ಟಿಗೆ ಪೂರಾ ಒಂದು ಕಿಲೋ ಕಡಿಮೆ ಬರೆದೆನೆಂದೇ ಹಿಡಿದು ಮೂರು ಹಂಗಾಮುಗಳ ಲೆಕ್ಕ ಹಾಕಿದೆ. ಸಂಶಯದ ಲಾಭ ಅವರಿಗೇ ಸಲ್ಲಬೇಕಿತ್ತು.

ಹಣ ಕೊಡುವಾಗ ಬೋನಸ್ ಎಂದುಬಿಡು ಎಂದು ತಮ್ಮ ಸೂಚಿಸಿದ. ಹಾಗೆಂದಿದ್ದರೆ ನಾನು ದಾನಿಯಾಗಿಬಿಡುತ್ತಿದ್ದೆ. "ಇದು ನಿಮ್ಮ ದುಡ್ಡು, ನಾನು ಇಟ್ಕೊಂಡಿದ್ದೆ, ತಪ್ಪಾತು" ಎಂದು ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ಮರುಮಾತಾಡದೆ ಎಣಿಸಿಕೊಂಡರು. ಒಬ್ಬಾಕೆ ಸಿಟ್ಟಿನಿಂದ, ತನ್ನ ಮಗಳನ್ನು ಶಾಲೆ ಬಿಡಿಸಿದ ವರ್ಷ ಯಾವುದೆಂದು ನೆನಪಿಸಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇಬ್ಬರು ದುಡಿಮೆಗೆಂದು ಗೋವೆಗೆ ಹೋದವರು ಇನ್ನೂ ಸಿಕ್ಕಿಲ್ಲ. ಅವರ ಹೆಸರು ಬರೆದ ಎರಡು ಲಕೋಟೆಗಳು ವಹಿಯೊಳಗೇ ಇವೆ. ಅವರ ಊರಿನವರು ಯಾರು ಬಂದರೂ ವಿಚಾರಿಸುತ್ತಿದ್ದೇನೆ.